ತೋಳಿನ ಹುರುಪೆ, ಎದೆಯ ತನಕ ಕಾವು

ದಾವಣಗೆರೆಯ ಮಂಡಿಪೇಟೆಯಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕುಂತ ಒಬ್ಬ ಕಿರಾಣಿ ಅಂಗಡಿಯಾತನನ್ನು ಕಣ್ಣಮುಂದೆ ತಂದುಕೊಳ್ಳಿ. ವಯಸ್ಸು ನಲವತ್ತರ ಆಸುಪಾಸು. ಏಪ್ರಿಲ್ ತಿಂಗಳ ಉರಿಬಿಸಿಲಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಬಿಚ್ಚುವುದೇ ಇಲ್ಲ. ಗಿರಾಕಿ ನೋಟು ಕೊಟ್ಟರೆ ಚಿಲ್ಲರೆಯನ್ನು ಕೈಗೆ ಕೊಡುವುದಿಲ್ಲ, ಗಾಜಿನ ಮೇಲೆ ಇಟ್ಟು ಮುಂದಕ್ಕೆ ತಳ್ಳುತ್ತಾನೆ. ಯಾಕಪ್ಪಾ ಅಂದರೆ, ಒಮ್ಮೆ ಒಬ್ಬ ಹೆಣ್ಣುಮಗಳು ಆತನ ಮೊಣಕೈ ನೋಡಿ ಚಾಚಿದ ಕೈಯನ್ನು ಹಿಂದಕ್ಕೆ ಎಳಕೊಂಡಿದ್ದಳು. ಅದನ್ನು ಆತ ಮರೆತಿಲ್ಲ.

ಮೊಣಕೈ ಮೇಲೆ ಏನಿದೆ? ಕೆಂಪು ಮಚ್ಚೆ. ಅದರ ಮೇಲೆ ಬೆಳ್ಳಿಯ ರೇಕಿನಂಥ ಹುರುಪೆ. ಮೊಣಕಾಲ ಮೇಲೂ ಅದೇ, ತಲೆಯ ಕೂದಲ ಅಂಚಿನಲ್ಲೂ ಅದೇ. ಬೆಳಿಗ್ಗೆ ಎದ್ದರೆ ಹಾಸಿಗೆ ತುಂಬ ಬಿಳಿ ಹೊಟ್ಟು. ಡಾಕ್ಟರು ಇಟ್ಟ ಹೆಸರು ಸೋರಿಯಾಸಿಸ್. ನೆಂಟರು ಇಟ್ಟ ಹೆಸರು ನಾಗದೋಷ. ಓಣಿಯವರು ಇಟ್ಟ ಹೆಸರನ್ನು ಎದುರಿಗೆ ಹೇಳುವುದಿಲ್ಲ.

ಈ ಅಂಗಡಿಯಾತನಿಗೆ ಹೆಸರಿಲ್ಲ. ಹೆಸರು ಇಟ್ಟರೆ ಒಬ್ಬನ ಕಥೆಯಾಗುತ್ತದೆ. ಭಾರತದಲ್ಲಿ ಈ ಕಾಯಿಲೆ ನೂರಕ್ಕೆ 0.44ರಿಂದ 2.8 ಜನರಿಗೆ ಇದೆ ಎಂದು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳ ಲೆಕ್ಕ. ಹೆಚ್ಚಿನ ಲೆಕ್ಕ ಹಿಡಿದರೆ, ಬೆಳಿಗ್ಗೆ ಹರಿಹರದಿಂದಲೋ ಜಗಳೂರಿನಿಂದಲೋ ಜನ ತುಂಬಿಕೊಂಡು ಬರುವ ಒಂದೊಂದು ಬಸ್ಸಿನಲ್ಲೂ ಒಬ್ಬರು ತುಂಬುತೋಳಿನ ಅಂಗಿಯವರು ಇದ್ದಾರೆ ಅಂತಾಯಿತು. ಗಂಡಸರಲ್ಲಿ ಹೆಚ್ಚು ಕಾಣುತ್ತದೆ ಎನ್ನುತ್ತವೆ ಅದೇ ಅಧ್ಯಯನಗಳು.

ಈತನಿಗೆ ಇನ್ನೊಂದು ತೊಂದರೆಯೂ ಇದೆ. ಎರಡು ವರ್ಷದಿಂದ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ. ಹಿಮ್ಮಡಿ ನೆಲಕ್ಕೆ ಊರಿದರೆ ಪ್ರಾಣ ಹೋದಷ್ಟು ನೋವು. "ಸಕ್ಕರೆ ಮೂಟೆ ಎತ್ತೀ ಎತ್ತೀ ಹಿಂಗಾಗೈತೆ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಾನೆ. ಚರ್ಮಕ್ಕೊಬ್ಬ ಡಾಕ್ಟರು, ಬೆರಳಿಗೊಂದು ನೋವಿನ ಮಾತ್ರೆ. ಬಿಪಿ ನೋಡಿಸಿಯೇ ಇಲ್ಲ. ಇವೆಲ್ಲ ಬೇರೆ ಬೇರೆ ಅಂದುಕೊಂಡಿದ್ದಾನೆ, ಪಾಪ.

ಕಳೆದ ಐವತ್ತು ವರ್ಷಗಳ ವೈದ್ಯಕೀಯ ಸಂಶೋಧನೆ ಹೇಳುವುದೇನೆಂದರೆ, ಇವು ಬೇರೆ ಬೇರೆ ಅಲ್ಲದೆ ಇರಬಹುದು. ಮೊಣಕೈ ಮೇಲೆ ಕಾಣುವ ಕೆಂಪು, ಬೆರಳಿನ ಗಂಟಿನ ನೋವು, ಎದೆಯ ರಕ್ತನಾಳದ ತೊಂದರೆ, ಈ ಮೂರಕ್ಕೂ ಒಳಗಿನ ಬೆಂಕಿ ಒಂದೇ ಆಗಿರುವುದು ಸಾಧ್ಯ.

ಹಳೇ ಗೊಂದಲ, ಹಳೇ ಅವಮಾನ

ಮೊದಲು ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಬೇಕು. ಸೋರಿಯಾಸಿಸ್ ಅಂಟುರೋಗ ಅಲ್ಲ. ಮುಟ್ಟಿದರೆ ಬರುವುದಿಲ್ಲ. ಪಕ್ಕದಲ್ಲಿ ಕೂತರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಇದರಲ್ಲಿ ಹುಳುವೂ ಇಲ್ಲ, ಕ್ರಿಮಿಯೂ ಇಲ್ಲ.

ಹಾಗಿದ್ದ ಮೇಲೆ ಈ ಹೆದರಿಕೆ ಎಲ್ಲಿಂದ ಬಂತು? ಹೆಸರಿನ ಗೊಂದಲದಿಂದ. ಚರಕಸಂಹಿತೆಯಲ್ಲಿ ಹದಿನೆಂಟು ಬಗೆಯ ಕುಷ್ಠದ ಮಾತಿದೆ. ಅಲ್ಲಿ ಕುಷ್ಠ ಅಂದರೆ ಚರ್ಮದ ಕಾಯಿಲೆಗಳಿಗೆಲ್ಲ ಇಟ್ಟ ಒಟ್ಟು ಹೆಸರು. ಜನರ ಬಾಯಲ್ಲಿ ಮಾತ್ರ ಅದು ಮಹಾರೋಗ ಒಂದಕ್ಕೇ ಉಳಿಯಿತು. ಯೂರೋಪಿನಲ್ಲೂ ಇದೇ ಕಥೆ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ರಾಬರ್ಟ್ ವಿಲನ್ ಎಂಬ ವೈದ್ಯರು ಈ ಕಾಯಿಲೆಯನ್ನು ಚೆನ್ನಾಗಿಯೇ ವರ್ಣಿಸಿದರು, ಆದರೆ ಕುಷ್ಠದ ಹೆಸರಿನ ನೆರಳು ಬಿಡಲಿಲ್ಲ. 1841ರಲ್ಲಿ ವಿಯೆನ್ನಾದ ಫರ್ಡಿನೆಂಡ್ ಹೆಬ್ರಾ ಎಂಬ ಚರ್ಮವೈದ್ಯರು ಇದು ಬೇರೆ, ಅದು ಬೇರೆ ಎಂದು ಗೆರೆ ಎಳೆದರು. ಅಂದರೆ ಡಾಕ್ಟರುಗಳ ಪುಸ್ತಕದಲ್ಲಿ ಈ ತಪ್ಪು ತಿದ್ದಿ ನೂರೆಂಬತ್ತು ವರ್ಷ ದಾಟಿದೆ. ಬಸ್ಸಿನ ಸೀಟಿನಲ್ಲಿ ಇನ್ನೂ ತಿದ್ದಿಲ್ಲ.

ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಸತ್ತಿರುತ್ತದೆ. ಮುಟ್ಟಿದರೆ, ಚುಚ್ಚಿದರೆ ಗೊತ್ತಾಗುವುದಿಲ್ಲ. ಸೋರಿಯಾಸಿಸ್ ಮಚ್ಚೆಯಲ್ಲಿ ಸ್ಪರ್ಶ ಇರುತ್ತದೆ, ತುರಿಕೆಯೂ ಇರಬಹುದು. ಇಷ್ಟಕ್ಕೂ ಕುಷ್ಠವಾದರೂ ಈಗ ಹೆದರುವ ರೋಗವಾಗಿ ಉಳಿದಿಲ್ಲ. 1980ರ ದಶಕದಿಂದ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆಯಿಂದ ಆರು ತಿಂಗಳಲ್ಲೋ ಒಂದು ವರ್ಷದಲ್ಲೋ ಅದು ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿಗೆ ಕಾಸು ಕೊಡಬೇಕಾಗಿಲ್ಲ.

ನಾಗದೋಷದ ಮಾತು ಹುಟ್ಟಿದ್ದಕ್ಕೂ ಕಾರಣ ಕಾಣುತ್ತದೆ. ಹುರುಪೆ ಏಳುವುದು ಹಾವು ಪೊರೆ ಬಿಟ್ಟ ಹಾಗೇ ಇರುತ್ತದೆ. ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ತೀರಿಸಿ ಬರುವವರ ಭಕ್ತಿಗೆ ಯಾರ ತಕರಾರೂ ಇಲ್ಲ. ಹೋಗಿ ಬನ್ನಿ. ಬರುವ ದಾರಿಯಲ್ಲಿ ಬಿಪಿ, ಸಕ್ಕರೆಯನ್ನೂ ನೋಡಿಸಿಕೊಂಡು ಬನ್ನಿ.

ಚರ್ಮ ಮೊದಲನೇ ಸ್ಟಾಪು

ಮನುಷ್ಯನ ಚರ್ಮ ದಿನವೂ ಸವೆಯುತ್ತದೆ, ಕೆಳಗಿನಿಂದ ಹೊಸದು ಏಳುತ್ತದೆ. ಕೆಳಪದರದಲ್ಲಿ ಹುಟ್ಟಿದ ಕಣ ಮೇಲಕ್ಕೆ ಬಂದು ಉದುರಲು ಹೆಚ್ಚುಕಮ್ಮಿ ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಇದ್ದ ಕಡೆ ಇದೇ ಪ್ರಯಾಣ ಮೂರು-ನಾಲ್ಕು ದಿನಕ್ಕೆ ಮುಗಿದುಹೋಗುತ್ತದೆ. ಕಣಗಳು ಮಾಗುವುದಕ್ಕೆ ಪುರಸೊತ್ತಿಲ್ಲ, ಉದುರುವುದಕ್ಕೆ ಜಾಗವಿಲ್ಲ. ಒಂದರ ಮೇಲೊಂದು ಪೇರಿಸಿಕೊಂಡು ಹುರುಪೆಯಾಗುತ್ತವೆ.

ಬಹಳ ಕಾಲ ಡಾಕ್ಟರುಗಳೂ ಇದು ಚರ್ಮದ ಅವಸರ, ಅಷ್ಟೇ ಅಂದುಕೊಂಡಿದ್ದರು. 1979ರಲ್ಲಿ ಒಂದು ಅಚ್ಚರಿ ನಡೆಯಿತು. ಅಂಗಾಂಗ ಕಸಿ ಮಾಡಿದವರಿಗೆ ಕೊಡಲೆಂದು ಬಂದಿದ್ದ ಸೈಕ್ಲೋಸ್ಪೋರಿನ್ ಎಂಬ ಔಷಧಿಯನ್ನು ಸೋರಿಯಾಸಿಸ್ ಜತೆಗೆ ಕೀಲುಬೇನೆ ಇದ್ದ ಕೆಲವರಿಗೆ ಕೊಟ್ಟು ನೋಡಿದಾಗ, ಅವರ ಚರ್ಮ ತಿಳಿಯಾಯಿತು. ಆ ಔಷಧಿ ಮಾಡುವ ಕೆಲಸ ಒಂದೇ: ಮೈಯ ರೋಗನಿರೋಧಕ ಪಡೆಯನ್ನು ಸುಮ್ಮನಾಗಿಸುವುದು. ಹಾಗಾದರೆ ಗಲಾಟೆಯ ಮೂಲ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರದ ದಿಕ್ಕು ಸಿಕ್ಕಿತು.

ಊರು ಕಾಯುವ ಪೊಲೀಸರೇ ಊರವರ ಮೇಲೆ ಲಾಠಿ ಬೀಸಿದರೆ ಹೇಗೆ? ಇದೂ ಹಾಗೇ. ಕ್ರಿಮಿಗಳ ಜತೆ ಹೋರಾಡಬೇಕಾದ ರಕ್ತದ ಬಿಳಿಕಣಗಳು ಶತ್ರುವೇ ಇಲ್ಲದ ಕಡೆ ಲಾಠಿ ಎತ್ತುತ್ತವೆ. "ಬನ್ರೋ, ಬನ್ರೋ" ಅಂತ ಇನ್ನಷ್ಟು ಪಡೆಯನ್ನು ಕರೆಯುವ ರಾಸಾಯನಿಕ ಸಂದೇಶಗಳನ್ನು ಬಿಡುತ್ತವೆ. ಈ ಸಂದೇಶಗಳಿಗೆ ಡಾಕ್ಟರುಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-17 ಎಂಬಂಥ ಹೆಸರಿಟ್ಟಿದ್ದಾರೆ. ಹೆಸರು ಮರೆತರೂ ಅಡ್ಡಿಯಿಲ್ಲ, ಮುಂದಿನ ಮಾತು ಮರೆಯಬಾರದು. ಈ ಸಂದೇಶಗಳು ಮೊಣಕೈಯಲ್ಲೇ ಕೂರುವುದಿಲ್ಲ. ರಕ್ತದ ಬಸ್ಸು ಹತ್ತಿ ಮೈಯೆಲ್ಲ ತಿರುಗುತ್ತವೆ. ಚರ್ಮ ಮೊದಲನೇ ಸ್ಟಾಪು. ಮುಂದೆ ಕೀಲು, ಕಣ್ಣು, ಯಕೃತ್ತು, ಹೃದಯದ ರಕ್ತನಾಳ ಎಂದು ಸ್ಟಾಪುಗಳು ಇನ್ನೂ ಇವೆ. ಎಲ್ಲರಲ್ಲೂ ಬಸ್ಸು ಕೊನೇ ಸ್ಟಾಪಿನ ತನಕ ಹೋಗುವುದಿಲ್ಲ ಎನ್ನುವುದು ಸಮಾಧಾನದ ಮಾತು.

ಬೆರಳು ಊದಿದರೆ ಮೂಟೆಯನ್ನು ಬೈಯಬೇಡಿ

ಎರಡನೇ ಸ್ಟಾಪು ಕೀಲು. ಸೋರಿಯಾಸಿಸ್ ಇರುವವರಲ್ಲಿ ನೂರಕ್ಕೆ ಮೂವತ್ತರವರೆಗೂ ಜನರಿಗೆ ಕೀಲುಬೇನೆ ಗಂಟುಬೀಳಬಹುದು. 1973ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಜಾನ್ ಮೋಲ್ ಮತ್ತು ವರ್ನಾ ರೈಟ್ ಎಂಬ ವೈದ್ಯರು ಈ ಬೇನೆಯನ್ನು ಐದು ಬಗೆಯಾಗಿ ವಿಂಗಡಿಸಿ ತೋರಿಸಿದರು. ಹೆಚ್ಚಿನವರಲ್ಲಿ ಮೊದಲು ಚರ್ಮ, ಹಲವು ವರ್ಷಗಳ ಮೇಲೆ ಕೀಲು. ನಡುವೆ ಇಷ್ಟು ವರ್ಷ ಕಳೆದಿರುವುದರಿಂದಲೇ ಎರಡಕ್ಕೂ ಸಂಬಂಧ ಇದೆ ಅನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ.

ಗುರುತು ಹಿಡಿಯುವುದು ಹೇಗೆ? ಬೆಳಿಗ್ಗೆ ಎದ್ದಾಗ ಕೈಕಾಲು ಮರಗಟ್ಟಿದ ಹಾಗಿದ್ದು, ಸಡಿಲವಾಗಲು ಅರ್ಧ ಗಂಟೆಗೂ ಮೇಲೆ ಬೇಕಾದರೆ ಅದು ಒಂದು ಗುರುತು. ದುಡಿದ ದಣಿವಿನ ನೋವು ವಿಶ್ರಾಂತಿಗೆ ಇಳಿಯುತ್ತದೆ. ಈ ನೋವು ವಿಶ್ರಾಂತಿಯಲ್ಲೇ ಹೆಚ್ಚಿ, ಓಡಾಡಿದರೆ ಕೊಂಚ ಹಗುರಾಗುತ್ತದೆ. ಒಂದು ಬೆರಳು ಬುಡದಿಂದ ತುದಿಯ ತನಕ ಏಲಕ್ಕಿ ಬಾಳೆಹಣ್ಣಿನ ಹಾಗೆ ಊದಿಕೊಂಡರೆ ಅದು ಇನ್ನೊಂದು. ಹಿಮ್ಮಡಿಯ ಹಿಂಭಾಗ ನೋಯುವುದು ಮತ್ತೊಂದು. ಉಗುರನ್ನೂ ನೋಡಿಕೊಳ್ಳಬೇಕು. ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ, ಉಗುರಿನ ಅಡಿಯಲ್ಲಿ ಎಣ್ಣೆ ಬಿದ್ದಂಥ ಹಳದಿ ಕಲೆ, ತುದಿ ಎದ್ದು ಬರುವುದು, ಇವೆಲ್ಲ ಸೋರಿಯಾಸಿಸ್ ಉಗುರಿನ ಲಕ್ಷಣ. ಉಗುರು ಹೀಗಿದ್ದವರಿಗೆ ಕೀಲಿನ ತೊಂದರೆ ಬರುವ ಸಂಭವ ಹೆಚ್ಚು.

ಇಲ್ಲಿ ತಡ ಮಾಡಿದರೆ ನಷ್ಟ ಯಾರಿಗೆ? 2015ರಲ್ಲಿ ಐರ್ಲೆಂಡಿನ ವೈದ್ಯರು ತಮ್ಮ ರೋಗಿಗಳ ಲೆಕ್ಕ ತೆಗೆದು ನೋಡಿದರು. ನೋವು ಶುರುವಾಗಿ ಆರು ತಿಂಗಳು ಕಳೆದ ಮೇಲೆ ಕೀಲುತಜ್ಞರ ಬಳಿ ಬಂದವರಲ್ಲಿ ಮೂಳೆ ಸವೆತ ಹೆಚ್ಚಾಗಿ ಕಂಡಿತು. ಒಮ್ಮೆ ಸವೆದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ. ತಕ್ಕಡಿ ಹಿಡಿಯುವ ಕೈ, ಬಟ್ಟೆ ಹೊಲಿಯುವ ಕೈ, ಬಸ್ಸಿನ ಕಂಬಿ ಹಿಡಿದು ನಿಲ್ಲುವ ಕೈ ಸೊಟ್ಟಗಾದರೆ ಅದು ಮನೆಯವರೆಲ್ಲರ ಅನ್ನದ ಪ್ರಶ್ನೆ. ಮಂಡಿಪೇಟೆಯ ಅಂಗಡಿಯಾತ ಈಗಾಗಲೇ ಎರಡು ವರ್ಷ ಕಳೆದಿದ್ದಾನೆ.

ಕಣ್ಣು ಕೆಂಪಾಗಿ ನೋವು ಬಂದು ಬೆಳಕು ನೋಡಲು ಆಗದೆ ಹೋದರೂ ಅಸಡ್ಡೆ ಮಾಡುವಂತಿಲ್ಲ. ಕಣ್ಣಿನ ಒಳಪದರ ಉರಿಯೂತಕ್ಕೆ ಸಿಕ್ಕಿರಬಹುದು. ಅಂಗಡಿಯ ಡ್ರಾಪ್ಸ್ ಹಾಕಿಕೊಂಡು ಕೂರದೆ ಅದೇ ದಿನ ಕಣ್ಣಿನ ಡಾಕ್ಟರರನ್ನು ಕಾಣಬೇಕು.

ಎದೆಯ ಲೆಕ್ಕ

ಇನ್ನು ದೊಡ್ಡ ಸ್ಟಾಪು. ಸೋರಿಯಾಸಿಸ್ ರೋಗಿಗಳಲ್ಲಿ ರಕ್ತನಾಳ ಕಟ್ಟಿಕೊಳ್ಳುವ ತೊಂದರೆ ಹೆಚ್ಚು ಎಂದು 1970ರ ದಶಕದಲ್ಲೇ ಅಮೆರಿಕದ ಕೆಲವು ವೈದ್ಯರು ಬರೆದಿದ್ದರು. ಆಗ ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. "ಬೀಡಿ-ಸಿಗರೇಟು ಸೇದ್ತಾರೆ, ದಪ್ಪ ಇರ್ತಾರೆ, ಅದಕ್ಕೆ" ಎಂದರು.

2006ರಲ್ಲಿ ಅಮೆರಿಕದ ಜೋಯಲ್ ಗೆಲ್ಫಂಡ್ ಮತ್ತು ಸಂಗಡಿಗರು ಆ ಸಬೂಬಿಗೆ ಉತ್ತರ ಕೊಟ್ಟರು. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಿಂದ ಸೋರಿಯಾಸಿಸ್ ಇದ್ದ 1,30,976 ಜನರ ಲೆಕ್ಕ ತೆಗೆದು, ಕಾಯಿಲೆ ಇಲ್ಲದ 5,56,995 ಜನರ ಜತೆ ಹೋಲಿಸಿದರು. ಸರಾಸರಿ ಐದು ವರ್ಷಕ್ಕೂ ಮೇಲಿನ ಲೆಕ್ಕ. ಬೀಡಿ-ಸಿಗರೇಟು, ಬಿಪಿ, ಸಕ್ಕರೆ, ತೂಕ, ಕೊಬ್ಬು ಎಲ್ಲವನ್ನೂ ಕಳೆದು ನೋಡಿದ ಮೇಲೂ ಹೃದಯಾಘಾತದ ಅಪಾಯ ಉಳಿಯಿತು. ಕಾಯಿಲೆ ತೀವ್ರವಾಗಿದ್ದ ಮೂವತ್ತರ ಹರೆಯದವರಲ್ಲಿ ಅಪಾಯ ಮೂರು ಪಟ್ಟು. ಕಾಯಿಲೆ ಸೌಮ್ಯವಾಗಿದ್ದವರಲ್ಲಿ ಅದೇ ವಯಸ್ಸಿಗೆ ನೂರಕ್ಕೆ ಇಪ್ಪತ್ತೊಂಬತ್ತು ಪಾಲು ಹೆಚ್ಚು. ಅರವತ್ತರ ವಯಸ್ಸಿನಲ್ಲಿ ತೀವ್ರ ಕಾಯಿಲೆಯವರಿಗೆ ನೂರಕ್ಕೆ ಮೂವತ್ತಾರು ಪಾಲು ಹೆಚ್ಚು.

ಮೂರು ಪಟ್ಟು ಅಂದ ಕೂಡಲೇ ಎದೆ ಹಿಡಿದು ಕೂರಬೇಕಾಗಿಲ್ಲ. ಮೂವತ್ತರ ವಯಸ್ಸಿಗೆ ಹೃದಯಾಘಾತ ಅಪರೂಪ. ಅಪರೂಪದ ಮೂರು ಪಟ್ಟು ಅಂದರೂ ಅದು ಸಣ್ಣ ಲೆಕ್ಕವೇ. ಆದರೆ ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ಬಡ್ಡಿಯೂ ವರ್ಷಗಟ್ಟಲೆ ನಿಂತರೆ ಅಸಲನ್ನು ನುಂಗುತ್ತದೆ. ಅದೇ ತಂಡ 2007ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. ತೀವ್ರ ಸೋರಿಯಾಸಿಸ್ ಇದ್ದ ಗಂಡಸರು ಮೂರೂವರೆ ವರ್ಷ, ಹೆಂಗಸರು ನಾಲ್ಕು ವರ್ಷಕ್ಕೂ ಮೇಲೆ, ಉಳಿದವರಿಗಿಂತ ಬೇಗ ಕಣ್ಣು ಮುಚ್ಚಿದ್ದರು.

ಯಾಕೆ ಹೀಗೆ? ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರುವುದಕ್ಕೂ, ಕೂತ ಕೊಬ್ಬಿನ ಗಡ್ಡೆ ಒಡೆಯುವುದಕ್ಕೂ ಉರಿಯೂತ ಒತ್ತಾಸೆ ಕೊಡುತ್ತದೆ. ಉರಿಯೂತವನ್ನೇ ಇಳಿಸುವ ಔಷಧಿ ಕೊಟ್ಟರೆ ಹೃದಯಾಘಾತ ತಗ್ಗುತ್ತದೆ ಎಂದು 2017ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು ತೋರಿಸಿತು. ಆ ಪರೀಕ್ಷೆ ಸೋರಿಯಾಸಿಸ್‌ನವರ ಮೇಲೆ ನಡೆದದ್ದಲ್ಲ. ಆದರೆ ಬೆಂಕಿಗೂ ಎದೆಗೂ ನಂಟಿದೆ ಅನ್ನುವುದು ಅದರಿಂದ ಗಟ್ಟಿಯಾಯಿತು. 2018ರಲ್ಲಿ ಅಮೆರಿಕದ ಹೃದ್ರೋಗ ಸಂಸ್ಥೆಗಳು ಕೊಲೆಸ್ಟ್ರಾಲ್ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹೃದಯದ ಅಪಾಯ ಹೆಚ್ಚಿಸುವ ಸಂಗತಿಗಳ ಪಟ್ಟಿಗೆ ಸೋರಿಯಾಸಿಸ್ ಹೆಸರೂ ಸೇರಿತು.

ಇದರ ಜತೆಗೆ ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ, ಯಕೃತ್ತಿನಲ್ಲಿ ಕೊಬ್ಬು ಸೋರಿಯಾಸಿಸ್‌ನವರಲ್ಲಿ ಹೆಚ್ಚು. ಮನಸ್ಸಿನ ಖಿನ್ನತೆಯೂ ಹೆಚ್ಚು. ಮದುವೆ ಮನೆಗೆ ಹೋಗದವನು, ಕ್ಷೌರದ ಅಂಗಡಿಯಲ್ಲಿ "ಆಮೇಲೆ ಬನ್ನಿ ಅಣ್ಣಾ" ಅನ್ನಿಸಿಕೊಂಡವನು, ಗಂಡಿನ ಕಡೆಯವರು ನೋಡಿ ಎದ್ದುಹೋದ ಹುಡುಗಿ, ಇವರ ಮನಸ್ಸು ಕುಗ್ಗದೆ ಇನ್ನೇನಾದೀತು? ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸುವಂತಾದರೆ ಅದನ್ನೂ ಡಾಕ್ಟರರ ಮುಂದೆ ಹೇಳಬೇಕು. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಟ್ಯೂಬಿನ ಮೋಹ, ಸೂಜಿಯ ಸುಖ

"ಅಣ್ಣಾ, ಹೋದ್ಸಲ ಕೊಟ್ಟಿದ್ರಲ್ಲ, ಆ ಟ್ಯೂಬು ಕೊಡ್ರಿ."

"ತಗೊಳ್ರಿ ಸಾವ್ಕಾರ್ರೆ. ಎರಡು ಕೊಡ್ಲಾ?"

ಮೆಡಿಕಲ್ ಸ್ಟೋರಿನ ಮುಂದೆ ನಡೆಯುವ ಈ ಮಾತುಕತೆ ಯಾವ ಊರಿಗೂ ಹೊಸದಲ್ಲ. ಟ್ಯೂಬಿನಲ್ಲಿ ಇರುವುದು ಬಹಳ ಸಲ ಸ್ಟೀರಾಯ್ಡ್. ಡಾಕ್ಟರರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧಿಯೇ. ವರ್ಷಾನುಗಟ್ಟಲೆ ತಾವೇ ಬಳಿದುಕೊಂಡರೆ ಚರ್ಮ ಸಿಗರೇಟು ಹಾಳೆಯ ಹಾಗೆ ತೆಳುವಾಗುತ್ತದೆ. ಹುಳುಕಡ್ಡಿಗೆ ಇದನ್ನೇ ಹಚ್ಚಿದರೆ ಆ ಶಿಲೀಂಧ್ರಕ್ಕೆ ಹಬ್ಬದೂಟ. ಈ ಹಾವಳಿ ಮಿತಿಮೀರಿತೆಂದೇ 2018ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ಪಟ್ಟಿಗೆ ಸೇರಿಸಿತು. ಕಾಯಿದೆ ದೆಹಲಿಯಲ್ಲಿ ಬಂತು. ಅಂಗಡಿಯ ಗಾಜಿನ ಬೀರುವಿಗೆ ಬರುವುದು ಮಾರುವವರ, ಕೊಳ್ಳುವವರ ಕೈಯಲ್ಲಿದೆ.

ಇದಕ್ಕಿಂತ ದೊಡ್ಡ ಅಪಾಯ ಸ್ಟೀರಾಯ್ಡ್ ಮಾತ್ರೆ ಮತ್ತು ಸೂಜಿಯದು. "ಒಂದೇ ಸೂಜಿಗೆ ಮೈ ಕನ್ನಡಿ ಹಾಗಾಯ್ತು" ಎಂದು ಹೊಗಳುವವರಿದ್ದಾರೆ. ಸೋರಿಯಾಸಿಸ್‌ನಲ್ಲಿ ಸ್ಟೀರಾಯ್ಡನ್ನು ಮೈಯೊಳಗೆ ತೆಗೆದುಕೊಂಡು ತಟ್ಟನೆ ನಿಲ್ಲಿಸಿದರೆ ಕಾಯಿಲೆ ಸೇಡು ತೀರಿಸಿಕೊಂಡ ಹಾಗೆ ಕೆರಳಬಹುದು. ಮೈಯೆಲ್ಲ ಕೀವಿನ ಗುಳ್ಳೆ ಏಳಬಹುದು. ಅಡಿಯಿಂದ ಮುಡಿಯ ತನಕ ಕೆಂಪಾಗಿ ಚಳಿ ನಡುಕ ಬರಬಹುದು. ಅದು ಆಸ್ಪತ್ರೆಗೆ ಹೊತ್ತೊಯ್ಯಬೇಕಾದ ಸ್ಥಿತಿ, ಜೀವಕ್ಕೇ ಸಂಚಕಾರ. ಹೆಸರಿಲ್ಲದ ಪುಡಿ, ಚೀಟಿ ಇಲ್ಲದ ಗುಳಿಗೆ ನುಂಗುವವರು ಅದರಲ್ಲಿ ಏನು ಬೆರೆತಿದೆ ಎಂದು ತಿಳಿಯದೆ ನುಂಗುತ್ತಿದ್ದಾರೆ ಅನ್ನುವುದನ್ನು ನೆನಪಿಡಬೇಕು.

ಪಥ್ಯದ ಕಥೆಯೂ ಹೀಗೇ. ನಂಜು ಅಂತ ಬದನೆಕಾಯಿ ಬಿಟ್ಟರು, ಮೊಸರು ಬಿಟ್ಟರು, ಬೀಡಿ ಬಿಡಲಿಲ್ಲ. ಸಂಶೋಧನೆಗಳು ಬೆರಳು ತೋರಿಸುವುದು ಬೀಡಿ-ಸಿಗರೇಟಿನ ಕಡೆಗೆ, ಹೆಂಡದ ಕಡೆಗೆ, ಹೆಚ್ಚಿದ ತೂಕದ ಕಡೆಗೆ. ಬೆಣ್ಣೆದೋಸೆಯ ಊರಿನಲ್ಲಿ ತೂಕದ ಮಾತು ಎತ್ತುವುದು ಕಷ್ಟವೇ. ಆದರೂ ಹೇಳಲೇಬೇಕು. ತೂಕ ಇಳಿದರೆ ಮಚ್ಚೆಯೂ ಇಳಿಯುವುದುಂಟು, ಔಷಧಿಯೂ ಚೆನ್ನಾಗಿ ಹಿಡಿಯುತ್ತದೆ.

ಭೀಮಾವರಂನಿಂದ ಬೆಂಗಳೂರಿಗೆ

ಔಷಧಿ ಇಲ್ಲವೇ? ಇದೆ. ಬುಡಸಮೇತ ಕಿತ್ತುಹಾಕುವ ಔಷಧಿ ಇನ್ನೂ ಬಂದಿಲ್ಲ. "ಗ್ಯಾರಂಟಿ ಗುಣ" ಎಂದು ಬಸ್‌ಸ್ಟ್ಯಾಂಡ್ ಗೋಡೆಗೆ ಚೀಟಿ ಅಂಟಿಸುವವರ ಮಾತಿಗೆ ಬೆಲೆ ಇಲ್ಲ. ಆದರೆ ಬಿಪಿ, ಸಕ್ಕರೆಯನ್ನು ಹಿಡಿತದಲ್ಲಿ ಇಡುವ ಹಾಗೆ ಇದನ್ನೂ ಇಡಬಹುದು.

ಇದರಲ್ಲಿ ಒಂದು ಔಷಧಿಯ ಹಿಂದೆ ಭಾರತದ ಹೆಸರಿದೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಂದಾಳಾಗಿದ್ದರು. ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡಗಾಲು ಹಾಕುವ ಔಷಧಿಗಳನ್ನು ಅವರ ತಂಡ ತಯಾರಿಸಿತು. ಮೊದಲು ಅವು ಮಕ್ಕಳ ರಕ್ತದ ಕ್ಯಾನ್ಸರಿಗೆ ಬಂದವು. 1948ರಲ್ಲಿ ಸುಬ್ಬರಾವ್ ತೀರಿಕೊಂಡರು. 1951ರಲ್ಲಿ ಅಮೆರಿಕದ ವೈದ್ಯರೊಬ್ಬರು ಅಮೈನೋಪ್ಟೆರಿನ್ ಎಂಬ ಆ ಔಷಧಿಯನ್ನು ಕೀಲುಬೇನೆಯವರಿಗೆ ಕೊಟ್ಟಾಗ ಸೋರಿಯಾಸಿಸ್ ಮಚ್ಚೆಗಳೂ ಇಳಿದದ್ದು ಕಂಡಿತು. ಅದರ ತಮ್ಮನಂಥ ಮೆಥೋಟ್ರೆಕ್ಸೇಟ್ ಇವತ್ತಿಗೂ ಚರ್ಮಕ್ಕೂ ಕೀಲಿಗೂ ಕೊಡುವ ಮುಖ್ಯ ಮಾತ್ರೆ. ಬೆಲೆಯೂ ಕೈಗೆಟುಕುವಂಥದು.

ಒಂದು ಎಚ್ಚರಿಕೆ. ಈ ಕಾಯಿಲೆಗೆ ಮೆಥೋಟ್ರೆಕ್ಸೇಟ್ ನುಂಗುವುದು ವಾರಕ್ಕೆ ಒಂದೇ ದಿನ. ಚೀಟಿ ಸರಿಯಾಗಿ ಓದದೆ ದಿನವೂ ನುಂಗಿದರೆ ಬಾಯಿಹುಣ್ಣಾಗಿ, ರಕ್ತದ ಕಣ ಕುಸಿದು ಪ್ರಾಣಕ್ಕೇ ಅಪಾಯ. ಯಾವ ವಾರ ಎಂದು ಮನೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ಳಬೇಕು. ಹೆಂಡ ಮುಟ್ಟುವಂತಿಲ್ಲ. ಬಸುರಾಗಬೇಕೆಂದಿರುವವರು, ಬಸುರಿಯರು ನುಂಗುವಂತಿಲ್ಲ. ಆಗಾಗ ರಕ್ತ ಪರೀಕ್ಷೆ ಆಗಬೇಕು.

ಕಾಯಿಲೆ ಜೋರಾಗಿದ್ದವರಿಗೆ, ಕೆರಳಿಸುವ ಸಂದೇಶಗಳನ್ನೇ ಹಿಡಿದು ನಿಲ್ಲಿಸುವ ಹೊಸ ಚುಚ್ಚುಮದ್ದುಗಳು ಈಗ ಇವೆ. ಇದರಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಬಯೋಕಾನ್ ಕಂಪನಿ ಕ್ಯೂಬಾದ ವಿಜ್ಞಾನಿಗಳ ಜತೆಗೂಡಿ ಬೆಳೆಸಿದ ಇಟೊಲಿಜುಮ್ಯಾಬ್ ಎಂಬ ಔಷಧಿಗೆ 2013ರಲ್ಲಿ ಸೋರಿಯಾಸಿಸ್ ಚಿಕಿತ್ಸೆಗೆಂದು ಭಾರತದಲ್ಲಿ ಪರವಾನಗಿ ಸಿಕ್ಕಿತು. 2020ರ ಜುಲೈನಲ್ಲಿ, ಕೋವಿಡ್‌ನಲ್ಲಿ ರೋಗನಿರೋಧಕ ಪಡೆ ಹುಚ್ಚೆದ್ದು ಉಸಿರಿಗೆ ಕುತ್ತು ಬಂದವರಿಗೂ ಅದನ್ನು ತುರ್ತಾಗಿ ಬಳಸಲು ಸರ್ಕಾರ ಒಪ್ಪಿಗೆ ಕೊಟ್ಟಿತು. ಪರೀಕ್ಷೆಗೆ ಒಳಪಟ್ಟವರು ಬಹಳ ಕಮ್ಮಿ ಎಂಬ ಆಕ್ಷೇಪವೂ ಆಗ ಎದ್ದಿತ್ತು. ಅದೇನೇ ಇರಲಿ, ಮೊಣಕೈ ಮಚ್ಚೆಗೆಂದು ಮಾಡಿದ ಔಷಧಿಯನ್ನು ಶ್ವಾಸಕೋಶದ ಅಪಾಯಕ್ಕೆ ನೆನೆಸಿಕೊಂಡರು ಎಂಬುದೇ ಈ ಕಾಯಿಲೆ ಚರ್ಮದ ಗಡಿ ದಾಟಿದ್ದು ಅನ್ನುವುದಕ್ಕೆ ಸಾಕ್ಷಿ.

ಹೊಸ ಚುಚ್ಚುಮದ್ದುಗಳ ಬೆಲೆ ಎಲ್ಲರ ಕೈಗೂ ಎಟುಕುವುದಿಲ್ಲ. ಕೆಲವಂತೂ ಮೈಯಲ್ಲಿ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಅದಕ್ಕೇ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಇವುಗಳಿಂದ ಚರ್ಮ ತಿಳಿಯಾಗುತ್ತದೆ, ಕೀಲು ಉಳಿಯುತ್ತದೆ. ಹೃದಯಾಘಾತವೂ ತಪ್ಪುತ್ತದೆಯೇ ಎಂಬ ಪ್ರಶ್ನೆಗೆ ಸಂಶೋಧಕರು ಇನ್ನೂ ಖಚಿತ ಉತ್ತರ ಹುಡುಕುತ್ತಿದ್ದಾರೆ. ಅದಕ್ಕೇ ಬಿಪಿ, ಸಕ್ಕರೆ, ಕೊಬ್ಬಿನ ಕಡೆಗೆ ಕಣ್ಣಿಡುವುದನ್ನು ಯಾವ ಔಷಧಿ ತಗೊಂಡರೂ ಬಿಡುವಂತಿಲ್ಲ.

ಮಾಡಬೇಕಾದ್ದು ಇಷ್ಟೇ

ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 2014ರಲ್ಲಿ ಸೋರಿಯಾಸಿಸ್ ಬಗ್ಗೆಯೇ ನಿರ್ಣಯ ಮಾಡಿತು. 2025ರಲ್ಲಿ ಎಲ್ಲ ಚರ್ಮರೋಗಗಳನ್ನೂ ಜಗತ್ತಿನ ಸಾರ್ವಜನಿಕ ಆರೋಗ್ಯದ ಮುಖ್ಯ ವಿಷಯವೆಂದು ಒಪ್ಪಿಕೊಂಡಿತು. ನಿರ್ಣಯ ಜಿನೀವಾದಲ್ಲಿ ಆಯಿತು. ಮಂಡಿಪೇಟೆಯಲ್ಲಿ ಆಗಬೇಕಾದ ಕೆಲಸ ಸಣ್ಣದು, ಖರ್ಚೂ ಕಮ್ಮಿ.

ಸೋರಿಯಾಸಿಸ್ ಇರುವವರು ಒಮ್ಮೆ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಬೇಕು. ಡಾಕ್ಟರರು ಕೇಳದಿದ್ದರೂ ಕೀಲಿನ ನೋವು, ಉಗುರಿನ ಗುಳಿ, ಕಣ್ಣಿನ ಕೆಂಪು ಇದ್ದರೆ ತಾವೇ ಬಾಯಿಬಿಟ್ಟು ಹೇಳಬೇಕು. ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ, ರಕ್ತದ ಕೊಬ್ಬು, ಸೊಂಟದ ಸುತ್ತಳತೆ ನೋಡಿಸಿಕೊಳ್ಳಬೇಕು. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ, ನಮ್ಮ ಕ್ಲಿನಿಕ್‌ಗಳಲ್ಲಿ ಬಿಟ್ಟಿಯಾಗಿಯೇ ಆಗುತ್ತದೆ. ಬೇರೆ ಕಾಯಿಲೆಗೆ ತೋರಿಸಲು ಹೋದಾಗಲೂ ಸೋರಿಯಾಸಿಸ್ ಇದೆ ಎಂದು ಮೊದಲೇ ತಿಳಿಸಬೇಕು. ಬಿಪಿಗೆ ಕೊಡುವ ಕೆಲವು ಮಾತ್ರೆ, ಮನೋರೋಗಕ್ಕೆ ಕೊಡುವ ಲಿಥಿಯಂ, ಮಲೇರಿಯಾದ ಕ್ಲೋರೋಕ್ವಿನ್ ಇದನ್ನು ಕೆರಳಿಸುವುದುಂಟು. ಹಾಗೆಂದು ನುಂಗುತ್ತಿರುವ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಸ್ನಾನವಾದ ಕೂಡಲೇ ಮೈಗೆ ಕೊಬ್ಬರಿ ಎಣ್ಣೆಯನ್ನೋ ಡಾಕ್ಟರರು ಹೇಳಿದ ಮುಲಾಮನ್ನೋ ಹಚ್ಚಿ 'ಪಸೆ' ಉಳಿಸಿಕೊಳ್ಳಬೇಕು. ಹುರುಪೆಯನ್ನು ಉಗುರಿನಿಂದ ಕೆರೆದು ಕೀಳಬಾರದು. ಗಾಯವಾದ ಕಡೆ ಹೊಸ ಮಚ್ಚೆ ಏಳುವುದು ಈ ಕಾಯಿಲೆಯ ಗುಣ.

ಇಷ್ಟು ಕಾಯಿಲೆ ಇರುವವರ ಪಾಲಿನ ಕೆಲಸ. ಉಳಿದವರ ಪಾಲಿಗೂ ಒಂದಿದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೆ ಕೂರುವುದು. ಅಂಗಡಿಯಲ್ಲಿ ಚಿಲ್ಲರೆಯನ್ನು ಕೈಯಿಂದ ಕೈಗೆ ತೆಗೆದುಕೊಳ್ಳುವುದು.

ಮಂಡಿಪೇಟೆಯ ಅಂಗಡಿಯಾತ ಒಂದು ಸೋಮವಾರ ಬಾಗಿಲು ಅರ್ಧ ಎಳೆದು, ಮಗನನ್ನು ಗಲ್ಲಾಪೆಟ್ಟಿಗೆ ಮುಂದೆ ಕೂರಿಸಿ ಆಸ್ಪತ್ರೆಗೆ ಹೊರಟ ಅಂತಿಟ್ಟುಕೊಳ್ಳಿ. ಸರದಿಯಲ್ಲಿ ಎರಡು ತಾಸು ನಿಲ್ಲಬೇಕಾದೀತು. ಅರ್ಧ ದಿನದ ವ್ಯಾಪಾರ ಹೋದೀತು. ಡಾಕ್ಟರರ ಮುಂದೆ ಕೂತಾಗ ಮೊಣಕೈಯನ್ನು ತೋರಿಸಿದ ಮೇಲೆ ಆತ ಸುಮ್ಮನಾಗಬಾರದು. "ಸಾರ್, ಬೆಳಿಗ್ಗೆ ಎದ್ದರೆ ಬೆರಳು ಮಡಚಕ್ಕೆ ಆಗಲ್ಲ. ಬಿಪೀನೂ ಒಂಚೂರು ನೋಡ್ತೀರಾ?" ಎಂದು ಆ ಎರಡು ಮಾತನ್ನೂ ಕೇಳಿಬಿಡಬೇಕು.